‘ರೀಫ್ ಸೇಫ್’ ಎಂದು ಮಾರಿದ ಮೀನಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ‘ರೀಫ್ ಸೇಫ್’ ಗುರುತು ನಂಬಿ ಕೊಂಡ ಕೋರಲ್ ಬ್ಯೂಟಿ ಏಂಜೆಲ್ ಮೀನು ಹವಳಗಳನ್ನು ಕಚ್ಚಿ ಹಾಳು ಮಾಡಿದ್ದು, ಮತ್ತು ಅದಕ್ಕೆ ನೀವು ಕೊಟ್ಟ ಉತ್ತರ.

ಮಾನ್ಯರೇ,

ಎರಡೂವರೆ ತಿಂಗಳ ಹಿಂದೆ, ಹವಳ ಸಾಕುವ ನನ್ನ ಉಪ್ಪುನೀರಿನ ಟ್ಯಾಂಕಿಗೆಂದು ನಿಮ್ಮಿಂದ ಒಂದು ಕೋರಲ್ ಬ್ಯೂಟಿ ತರಿಸಿಕೊಂಡೆ. ಮೀನು ಚೆನ್ನಾಗಿಯೇ ಬಂತು. ಪ್ಯಾಕಿಂಗ್‌ನಲ್ಲಿ ಕೊರತೆ ಇರಲಿಲ್ಲ, ಮರುದಿನವೇ ತಿನ್ನಲು ಶುರು ಮಾಡಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಚಿತ್ರದ ಕೆಳಗೆ ನೀವು ಹಾಕಿದ್ದ ‘ರೀಫ್ ಸೇಫ್’ (ಹವಳದ ಜೊತೆ ಇಡಲು ಸುರಕ್ಷಿತ) ಎಂಬ ಹಸಿರು ಗುರುತಿನ ಬಗ್ಗೆ, ದೂರು ಕೊಟ್ಟ ಮೇಲೆ ನಿಮ್ಮವರು ಬರೆದ ನಾಲ್ಕು ಸಾಲುಗಳ ಬಗ್ಗೆ.

ನಿಮ್ಮ ಆರ್ಡರ್ ಫಾರಂನಲ್ಲಿ ‘ಟ್ಯಾಂಕ್‌ನಲ್ಲಿ ಈಗ ಏನೇನಿದೆ?’ ಎಂಬ ಖಾನೆ ಇದೆ. ಅದನ್ನು ನಾನು ಬೇಕಾಬಿಟ್ಟಿ ತುಂಬಲಿಲ್ಲ. ಹವಳಗಳಲ್ಲಿ ಒಂದು ಟ್ರ್ಯಾಕಿಫಿಲಿಯಾ, ಎರಡು ಬಣ್ಣದ ಜೋವಾಂಥಸ್, ಒಂದು ಟಾರ್ಚ್ ಕೋರಲ್, ಒಂದಿಷ್ಟು ಮಾಂಟಿಪೋರಾ. ಜೊತೆಗೆ ಅಂಗೈಯಗಲದ ಒಂದು ಜೀವಂತ ಟ್ರೈಡಾಕ್ನಾ ಚಿಪ್ಪು. ಮೀನುಗಳಲ್ಲಿ ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಗೋಬಿ ಎಂದು ಒಂದೊಂದನ್ನೂ ಬರೆದಿದ್ದೆ. ಕೆಳಗೆ ‘ಇವುಗಳ ಜೊತೆ ಈ ಮೀನು ಇರಬಹುದೇ?’ ಎಂದೂ ಕೇಳಿದ್ದೆ. ‘ಯಾವ ತೊಂದರೆಯೂ ಇಲ್ಲ, ರೀಫ್ ಸೇಫ್’ ಎಂದು ಉತ್ತರ ಬಂತು. ಹೆಸರಲ್ಲೇ ಹವಳ ಇರುವ ಮೀನು ಹವಳಕ್ಕೆ ಹೊಂದದೇ ಇರುತ್ತದೆಯೇ ಎಂದು ನಾನೂ ಸ್ವಲ್ಪ ಮೈಮರೆತೆ ಅನ್ನಿ.

ಮೊದಲ ಎರಡು ವಾರ ಅದು ಕಲ್ಲಿನ ಸಂದಿ ಬಿಟ್ಟು ಈಚೆಗೇ ಬರಲಿಲ್ಲ. ಮೂರನೇ ವಾರದಿಂದ ಇಡೀ ಟ್ಯಾಂಕ್ ತನ್ನದು ಎಂಬಂತೆ ಓಡಾಡತೊಡಗಿತು. ಟ್ರ್ಯಾಕಿಫಿಲಿಯಾ ಬೆಳಗ್ಗೆ ನೀರು ತುಂಬಿಕೊಂಡು ಉಬ್ಬಬೇಕಾದ ಹೊತ್ತಿಗೆ ಮುದುಡಿಯೇ ಇರುತ್ತಿತ್ತು. ಒಂದು ಭಾನುವಾರ ಕುರ್ಚಿ ಹಾಕಿಕೊಂಡು ಟ್ಯಾಂಕಿನ ಮುಂದೆ ಕೂತೆ. ಮೀನು ಅಡ್ಡಾದಿಡ್ಡಿ ಸುತ್ತುತ್ತಾ ಬರುತ್ತದೆ, ಹವಳದ ಅಂಚಿಗೆ ಬಂದು ತಲೆ ಓರೆ ಮಾಡುತ್ತದೆ, ಚಿಟಿಕೆ ಹಾಕಿದ ಹಾಗೆ ಒಂದೇ ಕಡಿತ ಕಡಿದು ಏನೂ ಆಗದವರಂತೆ ಮುಂದೆ ಹೋಗುತ್ತದೆ. ಆ ಒಂದು ಗಂಟೆಯಲ್ಲಿ ಇಪ್ಪತ್ತಾರು ಸಲ. ಚಿಪ್ಪಿನ ಕಥೆಯೂ ಅದೇ. ಒಳಗಿನ ಮೆತ್ತನೆಯ ಮೈಯ ನೀಲಿ ಅಂಚನ್ನು (ಮ್ಯಾಂಟಲ್) ಹೊರಗೆ ಚಾಚಿದ ಕೂಡಲೇ ಒಂದು ಕಡಿತ, ಚಿಪ್ಪು ಪಟಕ್ಕನೆ ಮುಚ್ಚಿಕೊಳ್ಳುವುದು, ಹತ್ತು ನಿಮಿಷಕ್ಕೆ ಮತ್ತೆ ತೆರೆಯುವುದು, ಮತ್ತೆ ಕಡಿತ.

ಒಂದು ಕಡಿತದಿಂದ ಹವಳ ಸಾಯುವುದಿಲ್ಲ, ನಿಜ. ಆದರೆ ಹವಳಕ್ಕೂ ಈ ಚಿಪ್ಪಿಗೂ ಊಟದ ಬಹುಪಾಲು ಬರುವುದು ಮೈಯೊಳಗಿನ ಪಾಚಿಯಿಂದ. ಆ ಪಾಚಿಗೆ ಬೆಳಕು ಬೇಕು, ಬೆಳಕು ಬೀಳಬೇಕಾದರೆ ಮೈ ಬಿಚ್ಚಿರಬೇಕು. ದಿನವಿಡೀ ಮುದುಡಿಕೊಂಡೇ ಇರುವ ಹವಳ ಕಣ್ಣೆದುರಿಗೇ ಹಸಿವಿನಿಂದ ಸೊರಗುತ್ತದೆ. ಆರನೇ ವಾರಕ್ಕೆ ಟ್ರ್ಯಾಕಿಫಿಲಿಯಾದ ಒಂದು ಬದಿಯಲ್ಲಿ ಮಾಂಸ ಹಿಂದೆ ಸರಿದು ಬಿಳಿ ಮೂಳೆಯ ಏಣುಗಳು ಕಾಣಿಸಿದವು. ನಾಲ್ಕು ವರ್ಷ ಸಾಕಿದ ಹವಳ ಅದು.

ಇದನ್ನೆಲ್ಲ ಬರೆದು ವಿಡಿಯೋ ಸಮೇತ ಕಳಿಸಿದ್ದಕ್ಕೆ ನಿಮ್ಮವರ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು: ನೀರಿನ ಗುಣಮಟ್ಟ ನೋಡಿಕೊಳ್ಳಿ, ಮೀನಿಗೆ ಹೊಟ್ಟೆ ತುಂಬ ಹಾಕಿ, ಜೀವಿಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀರಿನ ವಿಷಯ ಮೊದಲು. ಆ ವಾರದ ಲೆಕ್ಕ ಇದು: ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ತಾಪಮಾನ 25.5 ಡಿಗ್ರಿ, ಕ್ಷಾರತೆ 8.3 ಡಿಕೆಎಚ್, ಕ್ಯಾಲ್ಸಿಯಂ 425, ನೈಟ್ರೇಟ್ 8 ಪಿಪಿಎಂ. ಇದರಲ್ಲಿ ತಪ್ಪೆಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಅದಕ್ಕಿಂತ ನೇರವಾದ ಪರೀಕ್ಷೆಯನ್ನೂ ಮಾಡಿದ್ದೇನೆ. ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಟ್ರ್ಯಾಕಿಫಿಲಿಯಾ ಮೇಲೆ ಬೋರಲು ಹಾಕಿದೆ. ಅದೇ ನೀರು, ಬೆಳಕು ತುಸು ಕಡಿಮೆಯೇ. ಐದನೇ ದಿನಕ್ಕೆ ಹವಳ ಬುಟ್ಟಿಯ ಗೋಡೆ ಮುಟ್ಟುವಷ್ಟು ಉಬ್ಬಿತು. ಹೊರಗಿದ್ದ ಜೋವಾಂಥಸ್ ಮಾತ್ರ ಮುಚ್ಚಿಕೊಂಡೇ ಇತ್ತು. ಬುಟ್ಟಿ ತೆಗೆದ ಹತ್ತು ನಿಮಿಷದಲ್ಲಿ ಮೀನು ಹಾಜರ್.

ಇನ್ನು ಹೊಟ್ಟೆಯ ವಿಷಯ. ದಿನಕ್ಕೆ ಮೂರು ಸಲ ಮೈಸಿಸ್ ಎಂಬ ಪುಟ್ಟ ಸಿಗಡಿ, ಸ್ಪಿರುಲಿನಾ ಪಾಚಿಯ ಗುಳಿಗೆ, ಜೊತೆಗೆ ಕಲ್ಲಿಗೆ ಕಟ್ಟಿದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕೊಡುತ್ತಿದ್ದೆ. ಈ ಕುಲದ ಮೀನುಗಳು ಬೆಳಗಿನಿಂದ ಸಂಜೆಯ ತನಕ ಕಲ್ಲಿನ ಮೇಲಿನ ಪಾಚಿಯನ್ನು ಕುಕ್ಕುತ್ತಲೇ ಬದುಕುವಂಥವು. ಕುಕ್ಕುವುದು ಹೊಟ್ಟೆಗಿಲ್ಲದ್ದಕ್ಕೆ ಕಲಿತ ಚಟವಲ್ಲ, ಅದರ ಸ್ವಭಾವ. ಪಾಚಿ ಕುಕ್ಕುವ ಬಾಯಿಗೆ ಪಕ್ಕದ ಹವಳದ ಲೋಳೆಯೂ ಒಮ್ಮೆ ರುಚಿಸಿತೆಂದರೆ ಮುಗಿಯಿತು. ಎಲ್ಲ ಕೋರಲ್ ಬ್ಯೂಟಿಗಳೂ ಹೀಗೆ ಮಾಡುವುದಿಲ್ಲ. ಕೆಲವು ಜೀವಮಾನವಿಡೀ ಒಂದು ಪಾಲಿಪ್ (ಹವಳ ಕಟ್ಟುವ ಪುಟ್ಟ ಜೀವಿ) ಮುಟ್ಟದೆ ಇರುತ್ತವೆ. ಯಾವುದು ಹೇಗೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ತಿಳಿದವರು ಈ ಮೀನಿಗೆ ‘ಎಚ್ಚರಿಕೆಯಿಂದ’ ಎಂಬ ಮಾತು ಸೇರಿಸುವುದು. ಆ ಒಂದು ಮಾತು ನಿಮ್ಮ ಪುಟದಲ್ಲಿದ್ದಿದ್ದರೆ ನಾನು ಇನ್ನೊಂದು ಗೋಬಿ ತಂದುಕೊಂಡು ಸುಮ್ಮನಿರುತ್ತಿದ್ದೆ.

ಈ ಜಗಳದ ನೆಪದಲ್ಲಿ ನಿಮ್ಮ ಉಳಿದ ಪುಟಗಳನ್ನೂ ನೋಡಿದೆ. ಕಾಪರ್‌ಬ್ಯಾಂಡ್ ಬಟರ್‌ಫ್ಲೈಗೂ ಅದೇ ಹಸಿರು ಗುರುತು. ಟ್ಯಾಂಕಿನಲ್ಲಿ ಕಳೆಯಂತೆ ಹರಡುವ ಐಪ್ಟೇಸಿಯಾ ಎಂಬ ಜೀವಿಯನ್ನು ತಿನ್ನುತ್ತದೆಂದು ಜನ ಈ ಮೀನನ್ನು ತರಿಸುತ್ತಾರೆ. ಜೊತೆಗೆ ಟ್ಯಾಂಕಿನಲ್ಲಿ ಅಂದಕ್ಕೆ ಸಾಕುವ ಫೆದರ್ ಡಸ್ಟರ್ ಹುಳುಗಳನ್ನೂ ತಿನ್ನುತ್ತದೆ, ಚಿಪ್ಪಿಗೂ ಬಾಯಿ ಹಾಕಬಹುದು ಎಂಬ ಸುದ್ದಿಯೇ ಅಲ್ಲಿಲ್ಲ. ಲಯನ್‌ಫಿಶ್‌ಗೆ ಕೆಂಪು ಗುರುತು. ಅದು ಹವಳವನ್ನು ಮೂಸಿಯೂ ನೋಡುವುದಿಲ್ಲ, ನುಂಗುವುದು ಸಿಗಡಿಯನ್ನು, ಸಣ್ಣ ಮೀನನ್ನು. ಅಂದರೆ ನಿಮ್ಮ ಗುರುತು ಒಂದು ಕಡೆ ಹವಳದ ಮಾತಾಡುತ್ತದೆ, ಇನ್ನೊಂದು ಕಡೆ ಸಿಗಡಿಯ ಮಾತಾಡುತ್ತದೆ. ಎಲ್ಲಕ್ಕಿಂತ ಸೋಜಿಗವೆಂದರೆ ಕಿತ್ತಳೆ ಚುಕ್ಕೆಯ ಫೈಲ್‌ಫಿಶ್. ಅಕ್ರೋಪೋರಾ ಎಂಬ ಹವಳದ ಪಾಲಿಪ್‌ಗಳೇ ಅದರ ಆಹಾರ. ಅದಕ್ಕೆ ‘ಅನುಭವಿಗಳಿಗೆ ಮಾತ್ರ’ ಎಂದಷ್ಟೇ ಬರೆದಿದ್ದೀರಿ. ಎಷ್ಟೇ ಅನುಭವ ಇದ್ದರೂ ಅದರ ಬಾಯಿಂದ ಅಕ್ರೋಪೋರಾ ಉಳಿಸಲು ನನ್ನಿಂದಂತೂ ಆಗದು.

ಕ್ಲೌನ್ ಮೀನಿನ ಬಗ್ಗೆಯೂ ಕಣ್ಣುಮುಚ್ಚಿ ಪ್ರಮಾಣ ಮಾಡಲಾರೆ. ನನ್ನವು ಟಾರ್ಚ್ ಕೋರಲ್‌ನಲ್ಲೇ ಸಂಸಾರ ಹೂಡಿವೆ. ಅವು ಹೊರಳಾಡುವುದನ್ನು ಪಾಪ ಅದು ಸಹಿಸಿಕೊಂಡಿದೆ. ಪ್ರಶ್ನೆ ಯಾವ ಮೀನು, ಯಾವ ಹವಳದ ಜೊತೆ ಎಂಬುದು. ಅದಕ್ಕೆಂದೇ ನಿಮ್ಮ ಫಾರಂನಲ್ಲಿ ಖಾನೆ ಇದೆ. ತುಂಬಿ ಕೊಟ್ಟದ್ದನ್ನು ಓದುವವರೇ ಇಲ್ಲದಿದ್ದರೆ ಆ ಖಾನೆ ಯಾಕೆ?

ಅರ್ಧ ಟ್ಯಾಂಕಿನ ಕಲ್ಲು ಕಿತ್ತರೂ ಮೀನು ಸಿಗಲಿಲ್ಲ. ಕೊನೆಗೆ ಬೋನು ಇಟ್ಟು ಹನ್ನೊಂದನೇ ದಿನ ಹಿಡಿದೆ. ಈಗ ಬೇರೆ ತೊಟ್ಟಿಯಲ್ಲಿದೆ, ಆರೋಗ್ಯವಾಗಿದೆ, ನೋರಿ ಚೆನ್ನಾಗಿ ತಿನ್ನುತ್ತಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ತನ್ನ ಪಾಡಿಗೆ ತಾನು ಬದುಕಿದೆ ಅಷ್ಟೆ. ನಿಮ್ಮ ಖರ್ಚಿನಲ್ಲಿ ಅದನ್ನು ವಾಪಸ್ ತೆಗೆದುಕೊಂಡು ಪೂರ್ತಿ ಹಣ ಹಿಂತಿರುಗಿಸಿ. ಹವಳದ ನಷ್ಟಕ್ಕೆ ಅದೇ ಜಾತಿಯ, ಅದೇ ಅಳತೆಯ ಒಂದು ಟ್ರ್ಯಾಕಿಫಿಲಿಯಾ ಕೊಡಿ. ಆ ಮೂರು ಮೀನುಗಳ ಪುಟಗಳನ್ನೂ ಕೋರಲ್ ಬ್ಯೂಟಿಯ ಪುಟವನ್ನೂ ತಿದ್ದಿ, ಯಾವುದು ಏನನ್ನು ಕಚ್ಚುತ್ತದೆ ಎಂದು ಹೆಸರು ಹಿಡಿದು ಬರೆಯಿರಿ.

ವಿಡಿಯೋಗಳು, ಬುಟ್ಟಿ ಹಾಕುವ ಮುಂಚಿನ ಮತ್ತು ನಂತರದ ಫೋಟೋಗಳು, ನಿಮ್ಮವರು ಬರೆದ ‘ಯಾವ ತೊಂದರೆಯೂ ಇಲ್ಲ’ ಸಂದೇಶ ಇದರ ಜೊತೆಗಿವೆ. ಹದಿನೈದು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ. ಈ ಸಲ ಬರೆಯುವವರು ಟ್ಯಾಂಕ್ ಸಾಕಿದವರಾಗಿದ್ದರೆ ಒಳ್ಳೆಯದು.

ಇತಿ,
ನಿಮ್ಮ ಗ್ರಾಹಕ