ಚಿಗವ್ವನ ತಲೆಯ ಅಳತೆ ಬೇಕು

ಅಟ್ಲಾಂಟಾ
ಭಾನುವಾರ ರಾತ್ರಿ

ಅವ್ವ,

ಕೀಮೋ ಆದ ಮೇಲೆ ಚಿಗವ್ವಗ ಒಂದು ವಿಗ್ ನೋಡು ಅಂದಿದ್ದೆಯಲ್ಲ, ನೋಡಿ ಬಂದೆ. ಇನ್ನೂ ಕೊಂಡಿಲ್ಲ. ಯಾಕೆ ಅನ್ನುವುದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ. ತಮ್ಮನ ಕೈಲಿ ಓದಿಸಬೇಡ, ಅವನು ಅರ್ಧ ನುಂಗುತ್ತಾನೆ.

ಇಲ್ಲಿ ಇದಕ್ಕಾಗಿಯೇ ಬ್ಯೂಟಿ ಸಪ್ಲೈ ಅಂಗಡಿಗಳಿವೆ. ಆಫ್ರಿಕನ್ ಅಮೆರಿಕನ್ನರು ಹೆಚ್ಚಿರುವ ಬಡಾವಣೆಗಳಲ್ಲಿ ಹೆಜ್ಜೆಗೊಂದು. ವಾರ್ಡಿನಲ್ಲಿ ನನ್ನ ಜೊತೆ ಡ್ಯೂಟಿ ಮಾಡುವ ಗೆಳತಿ ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಗವಿಮಠದ ಜಾತ್ರೆಯ ಬಳೆ ಅಂಗಡಿಗಳ ಸಾಲಿಗೆ ಹೊಕ್ಕಂತೆ, ಎಲ್ಲಿಂದ ನೋಡಬೇಕೋ ತಿಳಿಯದು. ಒಂದು ಸಾಲು ತುಂಬ ಆಫ್ರಿಕಾದ ಶಿಯಾ ಕಾಯಿಯ ಬೆಣ್ಣೆ, ಜಮೈಕಾದ ಕಪ್ಪು ಹರಳೆಣ್ಣೆ, ಹಣೆಯಂಚಿನ ಎಳೆಗೂದಲನ್ನು ಅಂಟಿಸಿ ಕೂರಿಸುವ ಜೆಲ್ಲು. ಇನ್ನೊಂದು ಸಾಲು ಜಡೆ ಹೆಣೆಯುವ ಕೃತಕ ಕೂದಲು. ಕನೆಕಲಾನ್ ಅಂತ, ಜಪಾನಿನ ಕಂಪನಿಯ ನೂಲು. ನೀಲಿ, ಕುಂಕುಮಗೆಂಪು, ಬೂದಿ, ಯಾವ ಬಣ್ಣ ಬೇಕೋ ಅದು. ಗೆಳತಿ ಅದನ್ನು ಕೊಂಡು ಮನೆಯಲ್ಲೇ ಅಕ್ಕನ ಮುಂದೆ ಕೂತರೆ ಜಡೆ ಮುಗಿಯಲು ಇಡೀ ದಿನ ಬೇಕಂತೆ. ವಿಗ್ಗುಗಳು ಮಾತ್ರ ಕೌಂಟರಿನ ಹಿಂದೆ, ಗೋಡೆಯ ಮೇಲೆ, ಬೊಂಬೆ ತಲೆಗಳಿಗೆ ತೊಡಿಸಿಟ್ಟಿರುತ್ತಾರೆ. ತಲೆಗೆ ತೆಳು ಜಾಲರಿ ಟೊಪ್ಪಿಗೆ ಹಾಕಿಕೊಳ್ಳದೆ ಮುಟ್ಟಲು ಬಿಡುವುದಿಲ್ಲ. ಒಮ್ಮೆ ಕೊಂಡ ಕೂದಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡೇ ಇದೆ.

ಆಮೇಲೆ ಅಸಲಿ ಕೂದಲಿನ ಗೋಡೆ. ಪ್ಯಾಕೆಟ್ಟಿನ ಮೇಲೆ 'ಬ್ರೆಜಿಲಿಯನ್', 'ಪೆರುವಿಯನ್', 'ಮಲೇಷಿಯನ್' ಎಂದು ಬರೆದಿತ್ತು. ಅವ್ವ, ನನಗೆ ನಗು ತಡೆಯಲಿಲ್ಲ. ಪೆರು ದೇಶದ ಹೆಂಗಸರು ಇಷ್ಟು ಅಂಗಡಿ ತುಂಬುವಷ್ಟು ತಲೆ ಬೋಳಿಸಿಕೊಂಡರೆ ಅಲ್ಲಿ ಜಡೆ ಉಳಿದೀತೇ? ಇವೆಲ್ಲ ಊರಿನ ಹೆಸರಲ್ಲ, ಕೂದಲು ಸುಕ್ಕೋ ನೇರವೋ ಅಲೆಯೋ ಎಂದು ಗುರುತಿಸಲು ಕಟ್ಟಿದ ವ್ಯಾಪಾರದ ಹೆಸರು ಎಂದು ಗೆಳತಿಯೇ ಒಪ್ಪಿಕೊಂಡಳು. ಒಳಗಿರುವುದು ಎಷ್ಟೋ ಸಲ ನಮ್ಮ ದೇಶದ್ದೇ, ಚೀನಾದ ಶುಚಾಂಗ್‌ನಂಥ ಊರುಗಳಲ್ಲಿ ತೊಳೆದು, ಬಣ್ಣ ಹಾಕಿ, ಹೊಲಿದದ್ದು. ತಿರುಮಲದ ಮುಡಿಯಾದರೆ ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಇನ್ನೊಂದು ಕಡೆ ಇರುತ್ತದೆ, ಅದೇ ಇಲ್ಲಿ ದುಬಾರಿ 'ರೆಮಿ'. ನಮ್ಮ ಭಾಗ್ಯನಗರದ ಓಣಿಗಳಲ್ಲಿ ನೀವು ಕಟ್ಟೆಯ ಮೇಲೆ ಕೂತು ಬಿಡಿಸುವ, ಬಾಚಿದಾಗ ಉದುರಿ ಉಂಡೆಯಾದ ಗೋಲಿ ಕೂದಲಿಗೆ ಬುಡ ತುದಿಯ ಲೆಕ್ಕವೆಲ್ಲಿ? ಅದನ್ನು ಆಸಿಡ್ಡಿನಲ್ಲಿ ಅದ್ದಿ, ಮೇಲಿನ ಪೊರೆ ಕಿತ್ತು, ಸಿಲಿಕಾನ್ ಬಳಿದು ನುಣುಪು ಮಾಡುತ್ತಾರೆ. ಹತ್ತು ಸಲ ತೊಳೆಯುವಷ್ಟರಲ್ಲಿ ಬಳಿದದ್ದು ಹೋಗಿ ಕೂದಲು ಮತ್ತೆ ಗಂಟು ಬೀಳುತ್ತದೆ.

ಒಂದೇ ಎಳೆಯನ್ನು ಎರಡು ಬೆರಳ ನಡುವೆ ಹೊಸೆದರೆ ಅದು ಬುಡದ ಕಡೆಗೇ ಸರಿಯುತ್ತದೆ ಎಂದು ನೀನು ತೋರಿಸಿಕೊಟ್ಟಿದ್ದೆ. ಕೌಂಟರಿನಲ್ಲಿ ಬಿಚ್ಚಿಟ್ಟಿದ್ದ ಒಂದು 'ರೆಮಿ' ಕಟ್ಟಿನಲ್ಲಿ ಹಾಗೇ ಹೊಸೆದು ನೋಡಿದೆ. ಒಂದು ಎಳೆ ಮೇಲಕ್ಕೆ ಹೋಯಿತು, ಇನ್ನೊಂದು ಕೆಳಕ್ಕೆ. ಅಂಗಡಿಯಾಕೆ ಕೊರಿಯಾದ ವಯಸ್ಸಾದ ಹೆಂಗಸು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, 'ಇದನ್ನು ಯಾರು ಕಲಿಸಿದರು?' ಅಂದಳು. ನಮ್ಮ ಅವ್ವ ಅಂದೆ. ಅವಳ ಅವ್ವನೂ ಸೋಲ್‌ನ ವಿಗ್ ಕಾರ್ಖಾನೆಯಲ್ಲಿ ದುಡಿದವಳಂತೆ! 1965ರಲ್ಲಿ ಚೀನಾದ ಕೂದಲಿನ ವಿಗ್ಗಿಗೆ ಅಮೆರಿಕ ಬಾಗಿಲು ಹಾಕಿದಾಗ ಕೊರಿಯಾಕ್ಕೆ ಸುಗ್ಗಿ. ಅಲ್ಲಿಂದ ವಲಸೆ ಬಂದವರು ಇಲ್ಲಿ ವಿಗ್ ಮಾರುತ್ತ ಮಾರುತ್ತ ಅಂಗಡಿ ಹಾಕಿದರು. ಇಷ್ಟೆಲ್ಲ ಹೇಳಿ ಆ ಕಟ್ಟನ್ನು ಸುಮ್ಮನೆ ಒಳಗಿಟ್ಟು ಬೇರೊಂದನ್ನು ತೆಗೆದಳು. ಬೆಲೆ ಮಾತ್ರ ಇಳಿಸಲಿಲ್ಲ.

ಬೆಲೆ ಕೇಳಬೇಡ ಅನ್ನಬಹುದಿತ್ತು, ನೀನು ಬಿಡುವುದಿಲ್ಲ. ಸುಮಾರಾದ ಅಸಲಿ ಕೂದಲಿನ ವಿಗ್ಗಿಗೇ ನೂರೈವತ್ತು ಡಾಲರ್, ಅಂದರೆ ನಮ್ಮ ಹನ್ನೆರಡು ಸಾವಿರದ ಮೇಲೆ. 2022ರಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಸರ್ಕಾರ ನಿರ್ಬಂಧ ಹಾಕಿದಾಗ ಅಪ್ಪ, 'ಬಿಡಿಸೋರು ನಾವು, ಹೊಲಿಯೋರು ಚೀನಾದವರು. ರೊಕ್ಕ ಇರೋದು ಹೊಲಿಗ್ಯಾಗ' ಅಂದಿದ್ದ. ಆಗ ನಾನು ಅಪ್ಪನ ಜೊತೆ ವಾದ ಮಾಡಿದ್ದೆ. ಬೆಲೆ ಚೀಟಿ ನೋಡಿದ ಮೇಲೆ ನಾನು ಅಪ್ಪನ ಪಕ್ಷ. ಅವನಿಗೆ ಹೇಳಬೇಡ, ಮೀಸೆ ತಿರುವುತ್ತಾನೆ.

ಈಗ ಚಿಗವ್ವನ ಮಾತು. ಕೃತಕ ಕೂದಲಿನದು ನಲವತ್ತು ಡಾಲರಿಗೆ ಚಂದದ್ದೇ ಸಿಗುತ್ತದೆ. ಹಗುರ, ತೊಳೆದರೂ ಆಕಾರ ಕೆಡುವುದಿಲ್ಲ, ಕೀಮೋ ಆದವರ ತಲೆಗೆ ಹಗುರವೇ ಒಳ್ಳೆಯದು. ಆದರೆ ಅದಕ್ಕೆ ಬಿಸಿ ತಾಗಬಾರದು. ಓವನ್ ಬಾಗಿಲು ತೆಗೆದಾಗಿನ ಝಳಕ್ಕೇ ಮುಂಗೂದಲು ಮುರುಟುತ್ತದಂತೆ. ಚಿಗವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟಾಳೇ? ಡಾಕ್ಟರು ಹೇಳಿದರೂ ಬಿಟ್ಟಿಲ್ಲ. ಹಾಗಾಗಿ ಮೊದಲು ಅವಳನ್ನೇ ಕೇಳು, ನಾನು ಕೇಳಿದೆ ಅಂತ: ವಿಗ್ ಬೇಕೇ, ಇಲ್ಲ ಸೆರಗು ಸಾಕೇ? ಮದುವೆ ಮುಂಜಿಗೆ ಮಾತ್ರವೋ, ದಿನಾಲೂ ಹಾಕಿಕೊಳ್ಳುವುದೋ? ದಿನಾಲೂ ಅಂದರೆ ಅಸಲಿಯದೇ ಕೊಳ್ಳುತ್ತೇನೆ, ರೊಕ್ಕದ ಮಾತು ಅವಳ ಮುಂದೆ ಎತ್ತಬೇಡ.

ತಂಗಿಗೆ ಹೇಳು, ಕೂದಲು ನೇರ ಮಾಡುವ ಕ್ರೀಮು ನಾನು ತರುವುದಿಲ್ಲ. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಅಂಥದ್ದನ್ನು ಹಚ್ಚಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹಚ್ಚದವರ ಎರಡು ಪಟ್ಟಿಗೂ ಹೆಚ್ಚು ಕಂಡಿದೆ ಎಂದು 2022ರಲ್ಲಿ ಇಲ್ಲಿನ ಸರ್ಕಾರಿ ಸಂಶೋಧಕರೇ ಪ್ರಕಟಿಸಿದ್ದಾರೆ. ಕ್ರೀಮೇ ಕಾರಣ ಎಂದು ಸಾಬೀತಾಗಿಲ್ಲ, ಸರಿ. ನಮ್ಮ ಮನೆಗೆ ಒಂದು ಕ್ಯಾನ್ಸರ್ ಸಾಕು. ಅವಳಿಗೆ ಮಲಗುವಾಗ ಹಾಕಿಕೊಳ್ಳುವ ಸ್ಯಾಟಿನ್ ಟೊಪ್ಪಿಗೆ ತಂದಿಟ್ಟಿದ್ದೇನೆ. ಹತ್ತಿ ದಿಂಬಿಗೆ ಉಜ್ಜಿ ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ.

ಚಿಗವ್ವ ಹೂಂ ಅಂದರೆ ಟೇಪು ಹಿಡಿದು ಅಳತೆ ತೆಗೆ: ಹಣೆಯ ಮೇಲೆ ಕೂದಲು ಹುಟ್ಟುವ ಜಾಗದಿಂದ ಕಿವಿಯ ಹಿಂದೆ ಹಾಯ್ದು, ಕತ್ತಿನ ಬುಡ ಸುತ್ತಿ ಮತ್ತೆ ಹಣೆಗೆ. ಇಂಚಿನಲ್ಲಿ ಬರೆ. ಕಾಯಿಲೆಗೆ ಮೊದಲಿನ ಫೋಟೊ ಒಂದನ್ನೂ ತಮ್ಮನ ಕೈಲಿ ಕಳಿಸು. ಇಲ್ಲಿ ಕಪ್ಪಿಗೂ ನಂಬರಿದೆ: 1 ಅಂದರೆ ಕಾಡಿಗೆ ಕಪ್ಪು, 1ಬಿ ಅಂದರೆ ನಮ್ಮಂಥವರ ಕಪ್ಪು. ಬೈತಲೆ ನಡುವೆಯೋ ಎಡಕ್ಕೋ, ಅದನ್ನೂ ಅವಳನ್ನೇ ಕೇಳಿ ಬರೆ.

ನಿನ್ನ ಮಗಳು