ಕೋಷ್ಟಕ ಬಿಡು, ಕಡತ ನೋಡು

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಎಲ್‌ಎಲ್‌ಎಂ ಪ್ರಬಂಧದ ಕರಡು ಓದಿದೆ. ಸರ್ಕಾರದ ಆದೇಶಗಳನ್ನು ನ್ಯಾಯಾಲಯ ಪರಾಮರ್ಶಿಸುವುದರಲ್ಲಿ ಇಂಗ್ಲೆಂಡ್ ಸಡಿಲ, ಫ್ರಾನ್ಸ್ ಬಿಗಿ, ಭಾರತ ನಡುವೆ ಎಂದು ಕೋಷ್ಟಕ ಹಾಕಿದ್ದೀಯ. ಅಂದವಾಗಿದೆ, ಆದರೆ ಅರ್ಜಿದಾರ ಯಾಕೆ ಗೆದ್ದ, ಯಾಕೆ ಸೋತ ಅನ್ನುವುದು ಅದರಲ್ಲಿ ಇಲ್ಲ. ತತ್ವಗಳ ಹೆಸರು ಪಕ್ಕಕ್ಕಿಡು. ಸರ್ಕಾರದ ಬಾಯಿಂದ ಕಾರಣ ಹೊರಡಿಸುವವರು ಯಾರು ಅಂತ ಕೇಳು.

ಇಂಗ್ಲೆಂಡಿನ 1947ರ ವೆಡ್ನೆಸ್‌ಬರಿ ಪ್ರಕರಣವನ್ನೇ ತಗೋ. ಭಾನುವಾರದ ಸಿನಿಮಾಕ್ಕೆ 15 ವರ್ಷದೊಳಗಿನ ಮಕ್ಕಳನ್ನು, ದೊಡ್ಡವರು ಜೊತೆಗಿದ್ದರೂ, ಬಿಡಕೂಡದೆಂದು ಸ್ಥಳೀಯ ಆಡಳಿತ ಷರತ್ತು ಹಾಕಿತು. ಬುದ್ಧಿಯಿದ್ದ ಯಾರೂ ಹೀಗೆ ಮಾಡಲಾರರು ಎಂದು ತೋರಿಸುವ ಹೊರೆ ಚಿತ್ರಮಂದಿರದವರ ಮೇಲೆ ಬಿತ್ತು; ಸೋತರು. ತೀರ್ಪು ಬರೆದ ನ್ಯಾಯಾಧೀಶ ಲಾರ್ಡ್ ಗ್ರೀನ್ ಎತ್ತಿಕೊಂಡ ಉದಾಹರಣೆ, ಕೂದಲು ಕೆಂಪಗಿದೆಯೆಂದು ಕೆಲಸ ಕಳೆದುಕೊಂಡ ಶಿಕ್ಷಕಿಯದು. ಯಾವ ಕಚೇರಿ ಇಂಥ ಕಾರಣವನ್ನು ಕಡತದಲ್ಲಿ ಬರೆದಿಡುತ್ತದೆ, ಹೇಳು?

ಅದರ ಪಕ್ಕ 1954ರ ಬಾರೆಲ್ ತೀರ್ಪು ಇಟ್ಟು ಓದು. ಫ್ರಾನ್ಸಿನ ಆಡಳಿತ ಶಾಲೆಯ ಪ್ರವೇಶ ಪರೀಕ್ಷೆಗೆ ಕೆಲವರನ್ನು ಕೂರಿಸಲಿಲ್ಲ. ಕಮ್ಯುನಿಸ್ಟರೆಂಬ ಗುಮಾನಿಯೇ ಕಾರಣವೆಂದು ಅವರು ದೂರಿದರು. ಕೈಯಲ್ಲಿ ನೇರ ಪುರಾವೆಯಿಲ್ಲ. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವಾದ ಕೊನ್ಸೇಯ್ ದೆತಾ ಕಡತ ಕೇಳಿತು, ಸರ್ಕಾರ ಕೊಡಲಿಲ್ಲ. ಹಾಗಾದರೆ ದೂರು ನಿಜವೆಂದೇ ತಿಳಿಯುತ್ತೇವೆ ಎಂದು ಆದೇಶ ರದ್ದು ಮಾಡಿತು. ನಿನ್ನ ಕರಡಿನಲ್ಲಿ ಈ ಪ್ರಕರಣ ಅಡಿಟಿಪ್ಪಣಿಗೆ ಹೋಗಿದೆ; ನನ್ನ ಪ್ರಕಾರ ಅದಕ್ಕೊಂದು ಅಧ್ಯಾಯವೇ ಬೇಕು.

ಜರ್ಮನಿಯಲ್ಲಿ ಸಂಗತಿ ಹುಡುಕುವ ಕೆಲಸ ಆಡಳಿತ ನ್ಯಾಯಾಲಯದ್ದೇ, ಅಷ್ಟು ಬರೆದರೆ ಸಾಕು. ಅಮೆರಿಕದಲ್ಲಿ ಷೆವ್ರನ್ ಸೂತ್ರ, ಅಂದರೆ ಕಾನೂನು ಅಸ್ಪಷ್ಟವಿದ್ದಾಗ ಸರ್ಕಾರಿ ಸಂಸ್ಥೆ ಕೊಟ್ಟ ಸಮಂಜಸ ಅರ್ಥವನ್ನೇ ಕೋರ್ಟು ಒಪ್ಪಬೇಕೆನ್ನುವುದು, 2024ರಲ್ಲಿ ಬಿದ್ದುಹೋಯಿತು, ತಿದ್ದಿಕೋ.

ನಮ್ಮ ಕಡೆ ಸುಪ್ರೀಂ ಕೋರ್ಟಿನ 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಬಿಡಬೇಡ. ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ತುರುಕುವಂತಿಲ್ಲ. ಆದೇಶ ಹಳೆಯದಾದಷ್ಟೂ ರುಚಿಯೇರಲು ಅದೇನು ಮದ್ಯವಲ್ಲ ಎಂದರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವಂತೂ ನಮ್ಮೂರಿನದೇ: ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗ ಮುಖ್ಯಮಂತ್ರಿಗಳ ಸೂಚನೆಯಂತೆ ಖಾಸಗಿ ಆಸ್ಪತ್ರೆಗೆ ಹೋಗಿತ್ತು. ನಿವಾಸಿಗಳು ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತು ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತನ್ನ ತಲೆ ಓಡಿಸದೆ ಮೇಲಿನವರು ಹೇಳಿದಂತೆ ನಡೆದದ್ದು ಅಲ್ಲಿ ದಾಖಲೆಯಿಂದಲೇ ಬಯಲಾಯಿತು. ತೀರ್ಪನ್ನು ಪೂರ್ತಿ ಓದು, ತಲೆಬರಹದ ಸಾರಾಂಶ ನಂಬಬೇಡ.

ಪರಿಷ್ಕರಿಸಿದ ಕರಡನ್ನು ನಿನ್ನ ಗೈಡಿಗೆ ಕೊಡುವ ಮೊದಲು ನನಗೆ ಕಳಿಸು. ಪ್ರಿಂಟ್ ತೆಗೆದೇ ಕಳಿಸು, ಫೋನಿನಲ್ಲಿ ಓದಲು ನನಗಾಗದು.

ನಿನ್ನ ದೊಡ್ಡಪ್ಪ