ಎಲೆಯಡಿಕೆ ಸಂಚಿಯೂ ಲೆಕ್ಕಕ್ಕೆ ಬರಲಿ

ಮಾನ್ಯರೇ,

ತಂಬಾಕು ಎಂದರೆ ಎಲ್ಲರ ಕಣ್ಣೂ ಸಿಗರೇಟಿನ ಮೇಲೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ತೋರಿಸಿದ್ದೇ ಬೇರೆ: ದೇಶದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸೇದುವವರು ಶೇ 10.7, ಹೊಗೆರಹಿತ ತಂಬಾಕು ಬಳಸುವವರು ಶೇ 21.4. ಸೇದುವವರಲ್ಲೂ ಬೀಡಿಯದ್ದೇ ಮೇಲುಗೈ.

ನಮ್ಮ ಕಡೆ ಹೆಂಗಸರು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಚಿಟಿಕೆ ಕಡ್ಡಿಪುಡಿ (ತಂಬಾಕಿನ ಪುಡಿ) ಸೇರಿಸಿ ಬಾಯಿಗಿಡುತ್ತಾರೆ. ತಂಬಾಕಿನ ಅಭ್ಯಾಸ ಇದೆಯಾ ಎಂದರೆ ಮಾತ್ರ, ‘ಅಯ್ಯೋ, ಇಲ್ಲಪ್ಪ’ ಎನ್ನುತ್ತಾರೆ. ಅದನ್ನು ಅವರು ಚಟವೆಂದು ಎಣಿಸಿಯೇ ಇಲ್ಲ. ಮುಂದಿನ ಸಮೀಕ್ಷೆಗೆ ಮನೆಬಾಗಿಲಿಗೆ ಬರುವವರು ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಎಂದು ಒಂದೊಂದನ್ನೂ ಹೆಸರು ಹಿಡಿದು, ಅತ್ತೆ, ಗಂಡ ಎದುರಿಗಿಲ್ಲದಾಗ ಕೇಳಲಿ. ರಾಜ್ಯಕ್ಕೊಂದೇ ಅಂಕಿ ಸಾಲದು, ಜಿಲ್ಲಾವಾರು ಲೆಕ್ಕ ಬೇಕು. ಬಾಯಿ ಕ್ಯಾನ್ಸರ್ ತಪಾಸಣೆ ಶಿಬಿರಗಳನ್ನು ಎಲ್ಲಿ ಮೊದಲು ಹಾಕಬೇಕೆಂಬುದು ಆಗಲಾದರೂ ತಿಳಿದೀತು.

– ಓದುಗ, ಹಾಸನ